ಕೋವಿಗೊಂದು ಕೆನ್ನೆದಿಂಬು

ಕೋವಿಗೆ ಕೆನ್ನೆದಿಂಬು ಬೇಕೆಂದರೆ ನಮ್ಮ ವಾಚಕರಲ್ಲಿ ಹಲವರು ನಕ್ಕಾರು. ತಲೆದಿಂಬನ್ನು ಎಲ್ಲರೂ ಬಲ್ಲೆವು. ಹಬ್ಬಕ್ಕೆ ಬಂದ ಅಳಿಯನಿಗೆ ಒರಗುದಿಂಬು ಹಾಕುವುದೂ ಉಂಟು. ಆದರೆ ಕೋವಿಯ ಬಟ್ಟಿಗೆ ಚರ್ಮದ ದಿಂಬನ್ನು ಕಟ್ಟಿ, ಅದರ ಮೇಲೆ ಕೆನ್ನೆಯಿಟ್ಟು ಗುರಿ ನೋಡುವವರಿದ್ದಾರೆ. ಅದನ್ನು ಆರಿಸುವುದರಲ್ಲಿ ತಪ್ಪಿದರೆ ಗುರಿ ಕೆಡುವುದಲ್ಲದೆ ಹುಬ್ಬಿಗೂ ಪೆಟ್ಟಾದೀತು.

ಈ ವಿಷಯ ನನ್ನ ಬಳಿಗೆ ಬಂದದ್ದು ಹೆಂಡತಿಯ ತಮ್ಮನ ಮೂಲಕ. ಅವನು ಅಮೆರಿಕದ ಓಹಾಯೋ ಪ್ರಾಂತದಲ್ಲಿ ನೆಲೆಸಿ ಅಲ್ಲಿಯ ಪೌರನಾಗಿದ್ದಾನೆ. ಭಾನುವಾರಗಳಲ್ಲಿ ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಗುಂಡು ಹೊಡೆಯುವುದು ಅವನ ಹವ್ಯಾಸ. ದುರ್ಬೀನು ಕೂರಿಸಿದ ಹಳೆಯ ಸೈನಿಕ ಕೋವಿಯೊಂದನ್ನು ಕೊಂಡಿದ್ದ. ರಜಕ್ಕೆ ಮುಂಬಯಿಗೆ ಬಂದಾಗ ಮೂರು ಬಗೆಯ ದಿಂಬುಗಳ ಚಿತ್ರ ತೋರಿಸಿ, "ಭಾವ, ನೀವು ಎನ್.ಸಿ.ಸಿ.ಯಲ್ಲಿ ರೈಫಲ್ ಹಿಡಿದವರು. ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಲಿ, ಹೇಳಿ" ಎಂದ. "ಅಷ್ಟು ದೂರ ಹೋಗಿ ಕಲಿತದ್ದು ಇದನ್ನೇ?" ಎಂದು ನಮ್ಮ ಅತ್ತೆಯವರು ಒಳಗಿನಿಂದಲೇ ಕೇಳಿದರು. ಉತ್ತರ ಕೊಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಆಮೇಲೆ ನಾನು ಓದಿ, ಕೇಳಿ, ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಕೋವಿ ಇಡುವಂತಿಲ್ಲ. ಇಂಥ ಸೈನಿಕ ಕೋವಿ ನಮ್ಮ ಬಾಡಿಗೆ ಮನೆಗಳ ಮೆಟ್ಟಿಲು ಹತ್ತುವ ಪ್ರಶ್ನೆಯೇ ಇಲ್ಲ. ಆದರೂ ಒಂದು ಯಂತ್ರದ ಒಂದು ಭಾಗ ಹೀಗೇಕಿದೆ ಎಂದು ತಿಳಿಯುವುದರಲ್ಲಿ ಸಂತೋಷವುಂಟು.

ಅವನ ಕೋವಿಯ ಹೆಸರು ಎಂ-೧ ಗ್ಯಾರಂಡ್. ಒಮ್ಮೆ ಕುದುರೆ ಎಳೆದರೆ ಒಂದು ಗುಂಡು ಹಾರುತ್ತದೆ. ಮುಂದಿನ ಗುಂಡು ತಾನಾಗಿಯೇ ನಳಿಗೆಗೆ ಬಂದು ಕೂರುತ್ತದೆ. ಇದಕ್ಕೇ ಅರೆಸ್ವಯಂಚಾಲಿತ ಎನ್ನುವುದು. ಇದನ್ನು ರೂಪಿಸಿದ ಜಾನ್ ಗ್ಯಾರಂಡ್ ೧೮೮೮ರಲ್ಲಿ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಹುಟ್ಟಿದವನು. ಅಮೆರಿಕ ಸರ್ಕಾರದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ೧೯೧೯ರಿಂದ ೧೯೫೩ರವರೆಗೆ ನೌಕರಿ ಮಾಡಿದ. ೧೯೩೬ರಲ್ಲಿ ಸೈನ್ಯ ಇವನ ಕೋವಿಯನ್ನು ಒಪ್ಪಿಕೊಂಡಿತು. ಮುಂದೆ ೫೦ ಲಕ್ಷಕ್ಕೂ ಮಿಕ್ಕಿ ತಯಾರಾದವು. ಹಕ್ಕುಗಳನ್ನೆಲ್ಲ ಸರ್ಕಾರಕ್ಕೆ ಬರೆದುಕೊಟ್ಟ ಈತನಿಗೆ ಕೋವಿಯೊಂದಕ್ಕೆ ಇಷ್ಟೆಂದು ಒಂದು ಕಾಸೂ ಬರಲಿಲ್ಲ. ಒಂದು ಲಕ್ಷ ಡಾಲರು ಕೊಡಬೇಕೆಂದು ಅಲ್ಲಿಯ ಶಾಸನಸಭೆಯಲ್ಲಿ ಮಸೂದೆ ಬಂತು, ಪಾಸಾಗಲಿಲ್ಲ. ಸಂಬಳದವರ ಹಣೆಬರಹ ಎಲ್ಲ ದೇಶದಲ್ಲಿಯೂ ಒಂದೇ ಎಂದು ನಮ್ಮ ಸೆಕ್ಷನ್ನಿನಲ್ಲಿ ಈ ಕಥೆ ಹೇಳಿದಾಗ ಎಲ್ಲರೂ ತಲೆದೂಗಿದರು.

ಈಗ ದಿಂಬಿನ ಮಾತಿಗೆ ಬರೋಣ. ಗ್ಯಾರಂಡಿಗೆ ಗುಂಡು ತುಂಬುವುದು ಮೇಲಿನಿಂದ. ಎಂಟು ಗುಂಡುಗಳನ್ನು ಹಿಡಿದ ಉಕ್ಕಿನ ಕ್ಲಿಪ್ಪನ್ನು ಮೇಲಿನಿಂದ ಒಳಕ್ಕೆ ಒತ್ತಬೇಕು; ಎಂಟೂ ಮುಗಿದ ಕೂಡಲೆ ಬರಿಯ ಕ್ಲಿಪ್ಪು ಠಣ್ಣೆಂದು ಮೇಲಕ್ಕೇ ಹಾರುತ್ತದೆ. ಹೀಗಿರಲು ಕೋವಿಯ ನೆತ್ತಿಯ ಮೇಲೆ ದುರ್ಬೀನನ್ನು ಇಡುವುದೆಂತು? ಇಟ್ಟರೆ ಗುಂಡು ತುಂಬುವ ದಾರಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ೧೯೪೪ರಲ್ಲಿ ಒಪ್ಪಿಗೆ ಪಡೆದ ಎಂ-೧ ಸಿ ಮತ್ತು ಎಂ-೧ ಡಿ ಎಂಬ ಎರಡು ದುರ್ಬೀನು ಕೋವಿಗಳಲ್ಲಿ ದುರ್ಬೀನನ್ನು ಎಡಕ್ಕೆ ಸರಿಸಿ ಕೂರಿಸಿದರು. ಬಟ್ಟು ಮಾತ್ರ ಇದ್ದಲ್ಲಿಯೇ ಇದೆ. ಅದಕ್ಕೆ ಕೆನ್ನೆಯಾನಿಸಿದರೆ ಕಣ್ಣು ದುರ್ಬೀನಿನ ಬಲಕ್ಕೆ ನಿಲ್ಲುತ್ತದೆ. ಕಣ್ಣನ್ನು ದುರ್ಬೀನಿಗೆ ತಂದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ. ನಡುವಿನ ಈ ಎಡೆಯನ್ನು ತುಂಬುವುದೇ ಕೆನ್ನೆದಿಂಬಿನ ಕೆಲಸ. ಅಮೆರಿಕದ ಸೈನ್ಯ ಇದಕ್ಕೆಂದು ಚರ್ಮದ ದಿಂಬನ್ನೇ ಕೊಟ್ಟಿತು. ಬಟ್ಟಿನ ಸುತ್ತ ಅದನ್ನು ಹೊದಿಸಿ, ಬೂಟಿನ ಹಾಗೆ ದಾರ ಪೋಣಿಸಿ ಬಿಗಿಯಬೇಕು. ಎಡಗಡೆ ದಪ್ಪ, ಒಳಗೆ ಉಣ್ಣೆಯ ಫೆಲ್ಟಿನ ಪದರಗಳು.

ಕೆನ್ನೆ ತೇಲಿದರೇನಂತೆ, ಕಣ್ಣಿಗೆ ಕಂಡರೆ ಸಾಲದೆ ಎಂದು ಕೇಳಬಹುದು. ಸಾಲದು. ನಮ್ಮ ಆಫೀಸಿನ ಗೋಡೆ ಗಡಿಯಾರವನ್ನು ನೋಡಿ. ಸಂಜೆ ಬಾಗಿಲ ಬಳಿ ಕೂತವನಿಗೆ ಆರು ಗಂಟೆ ಆಗಿಹೋಗಿರುತ್ತದೆ. ಕಿಟಕಿಯ ಬಳಿಯವನಿಗೆ ಇನ್ನೂ ಒಂದು ನಿಮಿಷ ಉಳಿದಿರುತ್ತದೆ. ಮುಳ್ಳು ಅಂಕೆಗಳಿಗಿಂತ ತುಸು ಮುಂದಿರುವುದರಿಂದ, ನೋಡುವ ಕಣ್ಣು ಸರಿದಂತೆ ಮುಳ್ಳೂ ಸರಿದಂತೆ ಕಾಣುತ್ತದೆ. ದುರ್ಬೀನಿನೊಳಗಿನ ಗುರಿಗೆರೆಯೂ ಹೀಗೆಯೇ. ಕಣ್ಣು ನಟ್ಟ ನಡುವೆ ಇಲ್ಲದಿದ್ದರೆ ಗೆರೆ ಗುರಿಯ ಮೇಲೆ ಕೂತಂತೆ ಕಂಡರೂ ಕೋವಿ ಬೇರೆಡೆಗೆ ನೋಡುತ್ತಿರಬಹುದು. ಪ್ರತಿ ಸಲವೂ ಕಣ್ಣು ಅದೇ ಜಾಗಕ್ಕೆ ಬರಬೇಕು. ಅದನ್ನು ಅಲ್ಲಿಗೆ ತಂದು ನಿಲ್ಲಿಸುವುದು ಕೆನ್ನೆ. ಎನ್.ಸಿ.ಸಿ.ಯಲ್ಲಿ ನಮ್ಮ ಹವಾಲ್ದಾರರು .೨೨ ರೈಫಲಿನ ಮುಂದೆ ಮಲಗಿಸಿ, ಕೆನ್ನೆ ಮರವನ್ನು ಬಿಡಕೂಡದೆಂದು ಗದರುತ್ತಿದ್ದುದರ ಅರ್ಥ ನನಗೆ ಈಗ ಪೂರ್ತಿಯಾಗಿ ತಿಳಿಯಿತು.

ಅಂಗಡಿಯವನು ತೋರಿಸಿದ ದಿಂಬನ್ನು ಕಣ್ಣುಮುಚ್ಚಿ ಕೊಳ್ಳಬಾರದು ಎನ್ನುತ್ತಾರೆ. ಆದರೆ ಇಲ್ಲಿ ಕಣ್ಣು ಮುಚ್ಚಿಯೇ ಆರಿಸಬೇಕು! ಮೊದಲು ಕೋವಿ ಬರಿದಾಗಿದೆಯೆಂದು ಎರಡು ಬಾರಿ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಬೇಕು. ಆಮೇಲೆ ಹಳೆಯ ವೃತ್ತಪತ್ರಿಕೆಯನ್ನು ಮಡಿಸಿ, ಬಟ್ಟಿನ ಎಡಮಗ್ಗುಲಿಗೆ ಇಟ್ಟು ಬಟ್ಟೆಯ ಪಟ್ಟಿಯಿಂದ ಸುತ್ತಿ ಕಟ್ಟಬೇಕು. ಕಣ್ಣು ಮುಚ್ಚಿ, ಕತ್ತನ್ನು ಸಡಿಲಬಿಟ್ಟು, ಕೆನ್ನೆ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿ ಕೂರಿಸಿ ಕಣ್ಣು ತೆರೆಯಬೇಕು. ದುರ್ಬೀನಿನಲ್ಲಿ ಪೂರ್ಣ ವೃತ್ತ ಕಂಡರೆ ಸರಿ. ಒಂದು ಅಂಚಿನಲ್ಲಿ ಗ್ರಹಣ ಹಿಡಿದಂತೆ ಕಪ್ಪು ನೆರಳು ಕಂಡರೆ ಇನ್ನೊಂದು ಮಡಿಕೆ ಸೇರಿಸಿ, ಇಲ್ಲವೆ ತೆಗೆದು, ಮತ್ತೆ ನೋಡಬೇಕು. ಐದಾರು ಸಲವೂ ಪೂರ್ಣ ವೃತ್ತವೇ ಕಂಡಾಗ ಮಡಿಕೆಯ ದಪ್ಪವನ್ನು ಅಳೆದು ಬರೆದಿಟ್ಟುಕೊಂಡರಾಯಿತು. ಅದೇ ಕೊಳ್ಳಬೇಕಾದ ದಿಂಬಿನ ಅಳತೆ. ಖರ್ಚು, ರದ್ದಿಯವನಿಗೆ ಹೋಗಬೇಕಾಗಿದ್ದ ಒಂದು ಪತ್ರಿಕೆ.

ಕುರ್ಚಿಯಲ್ಲಿ ಕೂತು ಈ ಪರೀಕ್ಷೆ ಮಾಡಿ, ಮೈದಾನದಲ್ಲಿ ಮಲಗಿ ಹೊಡೆದರೆ ಅಳತೆ ಕೂಡುವುದಿಲ್ಲ. ಮಲಗಿದಾಗ ತಲೆ ಮುಂದಕ್ಕೆ ಬರುತ್ತದೆ. ಚಳಿಗಾಲದ ದಪ್ಪ ಕೋಟು ತೊಟ್ಟರೆ ಕೋವಿಯೇ ಮುಂದಕ್ಕೆ ಹೋಗುತ್ತದೆ. ಕನ್ನಡಕದವರಿಗೆ ಇನ್ನೊಂದು ತೊಡಕು: ಮಲಗಿದಾಗ ಗಾಜಿನ ಮೇಲ್ಮೂಲೆಯಿಂದ ನೋಡುವಂತಾಗುತ್ತದೆ. ಆದ್ದರಿಂದ ಹೊಡೆಯುವ ಭಂಗಿಯಲ್ಲಿಯೇ, ತೊಡುವ ಉಡುಪಿನಲ್ಲಿಯೇ ಅಳೆಯುವುದು ಮೇಲು. ಕಣ್ಣಿಗೂ ದುರ್ಬೀನಿಗೂ ನಡುವೆ ಮೂರು ನಾಲ್ಕು ಅಂಗುಲದ ಎಡೆ ಇರಲೇಬೇಕು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ತೀರ ಹತ್ತಿರವಿದ್ದವನ ಹುಬ್ಬಿನ ಮೇಲೆ ದುರ್ಬೀನಿನ ಅಂಚು ಅರ್ಧಚಂದ್ರ ಬರೆಯುತ್ತದೆ.

ಮೂರು ಚಿತ್ರಗಳಲ್ಲಿ ಒಂದು, ನೈಲಾನ್ ಪಟ್ಟಿಯಿಂದ ಬಿಗಿಯುವ ಫೋಮಿನ ದಿಂಬು. ಅಗ್ಗ, ಹಗುರ; ಆದರೆ ಮೆತ್ತನೆಯ ಫೋಮು ಒತ್ತಿದಷ್ಟು ತಗ್ಗುವುದರಿಂದ ಕೆನ್ನೆ ಒಂದೊಂದು ಸಲ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಸುಖಾಸನಕ್ಕೆ ಒಳ್ಳೆಯದು, ಗುರಿಗಲ್ಲ. ಎರಡನೆಯದು ಗಟ್ಟಿ ಪ್ಲಾಸ್ಟಿಕ್ಕಿನದು. ತಿರುಪಿನಿಂದ ಏರಿಸಿ ಇಳಿಸಬಹುದು. ಕೆಲಸಕ್ಕೆ ಇದೇ ಉತ್ತಮವೆಂದು ಒಪ್ಪುತ್ತೇನೆ. ಆದರೆ ಅದನ್ನು ಕೂರಿಸಲು ಮರಕ್ಕೆ ತೂತು ಕೊರೆಯಬೇಕು, ಮತ್ತು ಅದು ಏರುವುದು ಮೇಲಕ್ಕೆ. ಗ್ಯಾರಂಡಿಗೆ ಬೇಕಾದದ್ದು ಪಕ್ಕಕ್ಕೆ. ಹಳೆಯ ಕೋವಿಯ ಮರಕ್ಕೆ ತೂತು ಕೊರೆಯುವುದು ಅಜ್ಜಿಯ ಕಾಲದ ಬೀಟೆಯ ಪೆಟ್ಟಿಗೆಗೆ ಮೊಳೆ ಹೊಡೆದಂತೆ. ಮೂರನೆಯದು ಹಳೆಯ ಮಾದರಿಯ ಚರ್ಮದ ದಿಂಬು. ಫೆಲ್ಟಿನ ಪದರ ಸೇರಿಸಿ, ತೆಗೆದು ದಪ್ಪ ಹೊಂದಿಸಬಹುದು, ಮರಕ್ಕೆ ಹಾನಿಯಿಲ್ಲ. ನಾನು ಅದಕ್ಕೇ ಬೆರಳು ತೋರಿಸಿದೆ.

ಗ್ಯಾರಂಡಿಗೆ ಸರಿಹೋದದ್ದು ಅದರ ತಮ್ಮನಿಗೂ ಸರಿಹೋಗದೆಂಬುದು ಇದರಲ್ಲಿನ ಸ್ವಾರಸ್ಯ. ೧೯೫೭ರಲ್ಲಿ ಬಂದ ಎಂ-೧೪ರಲ್ಲಿ ಗುಂಡಿನ ಪೆಟ್ಟಿಗೆ ಕೆಳಗಿನಿಂದ ಸೇರುತ್ತದೆ. ನೆತ್ತಿ ಖಾಲಿಯಿರುವುದರಿಂದ ದುರ್ಬೀನು ನಡುವಿಗೇ ಬಂತು, ಆದರೆ ಬಹಳ ಎತ್ತರಕ್ಕೆ ಹೋಯಿತು. ಅದಕ್ಕೆ ಬೇಕಾದದ್ದು ಎತ್ತರಿಸುವ ದಿಂಬು. ಭಾರತದ ಸೈನ್ಯವೂ ಬಳಸಿರುವ, ರಷ್ಯದವರು ೧೯೬೩ರಲ್ಲಿ ತಮ್ಮ ಸೈನ್ಯಕ್ಕೆ ತೆಗೆದುಕೊಂಡ ಡ್ರಾಗುನೊವ್ ಕೋವಿಯಲ್ಲಿ ಕೆನ್ನೆಯಾನಿಕೆ ಮೊದಲಿನಿಂದಲೇ ಉಂಟು. ದುರ್ಬೀನು ಬಳಸುವಾಗ ಅದನ್ನು ಬಟ್ಟಿನ ಮೇಲೆ ಸಿಕ್ಕಿಸುತ್ತಾರೆ; ಲೋಹದ ಗುರಿಕಡ್ಡಿಯಿಂದ ನೋಡುವಾಗ ಕಳಚಿಡುತ್ತಾರೆ. ನನ್ನ ಮಟ್ಟಿಗೆ ಇದು ಗ್ಯಾರಂಡಿನ ದಾರದ ಕಟ್ಟಿಗಿಂತ ಜಾಣತನದ್ದು.

ನಮ್ಮ ಕನ್ನಡದ ಹೆಣ್ಣುಮಗಳೊಬ್ಬರನ್ನು ಇಲ್ಲಿ ನೆನೆಯಬೇಕು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ನಮ್ಮ ಮುಂಬಯಿಯ ಕಡೆಯೇ ನೆಲೆಸಿದ ಸುಮಾ ಶಿರೂರು ಅವರು ೨೦೦೪ರಲ್ಲಿ ಕೌಲಾಲಂಪುರದ ಏಷ್ಯನ್ ಸ್ಪರ್ಧೆಯಲ್ಲಿ ೪೦೦ಕ್ಕೆ ೪೦೦ ಅಂಕ ಪಡೆದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಫೈನಲ್ ಮುಟ್ಟಿದರು. ಅವರದು ೧೦ ಮೀಟರಿನ ಏರ್ ರೈಫಲ್. ಒಂದೊಂದೇ ಗುಂಡು, ದುರ್ಬೀನಿಲ್ಲ. ಆದರೂ ಅಂಥ ರೈಫಲುಗಳ ಕೆನ್ನೆಯಾನಿಕೆಯನ್ನು ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಕೂದಲೆಳೆಯಷ್ಟೂ ಸರಿಸಬಹುದು. ನಾಲ್ವತ್ತು ಗುಂಡಿಗೂ ಕಣ್ಣು ಒಂದೇ ಕಡೆ ನಿಲ್ಲುವುದು ಅಲ್ಲಿಂದಲೇ ಆರಂಭ.

ಭಾವಮೈದುನ ಚರ್ಮದ ದಿಂಬನ್ನೇ ತರಿಸಿಕೊಂಡ. ಒಂದು ಪದರ ಫೆಲ್ಟು ತೆಗೆಯಬೇಕಾಯಿತಂತೆ. ಅವನದು ನಮ್ಮತ್ತೆಯವರ ಕಡೆಯ ದುಂಡು ಮುಖ. ಮಳೆಯಲ್ಲಿ ನೆನೆದರೆ ಚರ್ಮ ಹಿಗ್ಗಿ ದಾರ ಸಡಿಲವಾಗುತ್ತದೆ. ನೆರಳಿನಲ್ಲಿ ಒಣಗಿಸಿ ಮತ್ತೆ ಬಿಗಿಯಬೇಕೆಂದು ಬರೆದಿದ್ದೇನೆ. ಅವನ ಕ್ಲಬ್ಬಿನ ಎಡಗೈಯ ಗೆಳೆಯನೊಬ್ಬ ತನಗೂ ಇಂಥದೊಂದು ಸೂಚಿಸಬೇಕೆಂದು ಕೇಳಿದ್ದಾನಂತೆ. ಎಡಗೈಯವನ ಕೆನ್ನೆ ಬಟ್ಟಿನ ಬಲಕ್ಕೆ ಬರುತ್ತದೆ, ದುರ್ಬೀನು ಇರುವುದು ಎಡಕ್ಕೆ. ಅವನಿಗೆ ಯಾವ ದಿಂಬೂ ಒದಗದು; ಬೇರೆ ಕೋವಿಯನ್ನೇ ನೋಡಿಕೊಳ್ಳಲಿ ಎಂದು ತಿಳಿಸಿದ್ದೇನೆ.