ಮಸೂದೆ ನಮ್ಮ ಕೊಟ್ಟಿಗೆಗೆ ಬರುವ ದಾರಿ



ಟಿವಿಯಲ್ಲಿ ‘ಸದನದಲ್ಲಿ ಮಸೂದೆ ಮಂಡನೆ’ ಎಂಬ ಸುದ್ದಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಎದ್ದು ಕೊಟ್ಟಿಗೆಗೆ ಹೋಗುತ್ತೇವೆ. ಸಂಜೆ ಹಾಲು ಕರೆಯುವ ಹೊತ್ತೂ ಅದೇ ಆಗಿರುತ್ತದೆ. ಅದು ಬೆಂಗಳೂರಿನವರ ಮಾತು, ನಮಗೇನು ಎನ್ನಿಸುವುದು ಸಹಜ. ಆದರೆ ಮನೆಯಲ್ಲಿ ಹುಟ್ಟಿದ ಗಂಡು ಕರುವನ್ನು ಯಾರಿಗೆ ಕೊಡಬಹುದು, ಬತ್ತಿದ ಹಸುವನ್ನು ಸಾಗಿಸುವಾಗ ಕೈಯಲ್ಲಿ ಯಾವ ಕಾಗದ ಇರಬೇಕು, ಸಂಘದ ಚುನಾವಣೆಯಲ್ಲಿ ಯಾರಿಗೆ ಓಟಿನ ಹಕ್ಕು, ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಎಲ್ಲಿಂದ ಬರುತ್ತದೆ? ಈ ಎಲ್ಲಾ ಪ್ರಶ್ನೆಗಳ ಬೇರು ಆ ಸದನದಲ್ಲೇ ಇದೆ. ಆದ್ದರಿಂದ ಈ ಸಲ ಮೇವು, ಕೆಚ್ಚಲು ಬಾವಿನ ವಿಷಯ ಸ್ವಲ್ಪ ಬದಿಗಿಟ್ಟು ಮಸೂದೆಯ ಬಗ್ಗೆ ತಿಳಿಯೋಣ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಪತ್ರಿಕೆಯವರು ಮಸೂದೆ ಎನ್ನುವುದನ್ನೇ ಸರ್ಕಾರಿ ಕಾಗದದಲ್ಲಿ ‘ವಿಧೇಯಕ’ ಎಂದು ಬರೆಯುತ್ತಾರೆ. ಅದು ಇನ್ನೂ ಕಾನೂನಲ್ಲ, ಕಾನೂನಾಗಲು ಹೊರಟ ಕರಡು. ಎರಡೂ ಸದನ ಒಪ್ಪಿ, ರಾಜ್ಯಪಾಲರ ಅಂಕಿತ ಬಿದ್ದ ಮೇಲೆ ಅದು ಕಾಯ್ದೆ. ಸರ್ಕಾರಿ ಭಾಷೆಯಲ್ಲಿ ಅದಕ್ಕೆ ‘ಅಧಿನಿಯಮ’ ಎಂಬ ಹೆಸರು. ಕಾಯ್ದೆ ಬಂದ ಮೇಲೆ ಅದನ್ನು ಹೇಗೆ ನಡೆಸಬೇಕೆಂದು ಇಲಾಖೆ ಬರೆಯುವುದು ‘ನಿಯಮಗಳು’. ಸದನ ಸೇರಿಲ್ಲದ ಸಮಯದಲ್ಲಿ ತುರ್ತಾಗಿ ಹೊರಡಿಸುವುದು ಸುಗ್ರೀವಾಜ್ಞೆ. ರಾಮಾಯಣದ ಸುಗ್ರೀವನ ಆಜ್ಞೆಯಂತೆ ಎದುರು ಮಾತಿಲ್ಲದ್ದು ಎಂಬ ಅರ್ಥದಲ್ಲಿ ಬಂದ ಪದ. ಆದರೆ ಇದಕ್ಕೆ ಆಯುಸ್ಸು ಕಡಿಮೆ. ಸದನ ಮತ್ತೆ ಸೇರಿದ 6 ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ತಾನಾಗಿಯೇ ಬಿದ್ದುಹೋಗುತ್ತದೆ.

ಇದೆಲ್ಲಾ ಹೇಗೆ ನಡೆಯುತ್ತದೆ ಎಂದು ತಿಳಿಯಲು ನಮಗೆ ತೀರಾ ಹತ್ತಿರದ ಒಂದು ಉದಾಹರಣೆ ಇದೆ: ಜಾನುವಾರು ಹತ್ಯೆ ತಡೆ ಮತ್ತು ಸಂರಕ್ಷಣಾ ಮಸೂದೆ. ಆ ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಊರೂರಿನಲ್ಲೂ ಇದೆ, ಅದು ಇಲ್ಲಿ ಬೇಡ. ಅದು ನಡೆದು ಬಂದ ದಾರಿ ಮತ್ತು ಅದರ ಒಳಗೆ ಬರೆದಿರುವ ಮಾತು, ಇವೆರಡನ್ನು ನೋಡೋಣ.

ನಮ್ಮ ರಾಜ್ಯದಲ್ಲಿ ಎರಡು ಸದನಗಳಿವೆ. ನಾವು ನೇರವಾಗಿ ಓಟು ಹಾಕಿ ಕಳಿಸುವ 224 ಶಾಸಕರ ವಿಧಾನಸಭೆ ಒಂದು, 75 ಸದಸ್ಯರ ವಿಧಾನ ಪರಿಷತ್ತು ಇನ್ನೊಂದು. ಈ ಮಸೂದೆ 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಆ ದಿನ ಸದನದಲ್ಲಿ ಗದ್ದಲ, ಪ್ರತಿಭಟನೆ. ಗಂಡು ಕರುವಿನ ಖರ್ಚು ಏನು, ಬತ್ತಿದ ಹಸುವಿನ ಮೇವು ಯಾರ ಲೆಕ್ಕ ಎಂಬ ನಮ್ಮ ಪ್ರಶ್ನೆಗಳ ಮೇಲೆ ಸಮಾಧಾನವಾದ ಚರ್ಚೆ ನಡೆಯಲಿಲ್ಲ. ಪರ ಇರಲಿ, ವಿರೋಧ ಇರಲಿ, ಹಸು ಸಾಕುವವರಿಗೆ ಅದೊಂದು ನಷ್ಟವೇ.

ಪರಿಷತ್ತಿನಲ್ಲಿ ಆಗ ಮಸೂದೆ ಮುಂದೆ ಸಾಗಲಿಲ್ಲ. ಇಲ್ಲಿ ಒಂದು ನಿಯಮ ತಿಳಿದಿರಲಿ. ವಿಧಾನಸಭೆ ಒಪ್ಪಿದ ಸಾಮಾನ್ಯ ಮಸೂದೆಯನ್ನು ಪರಿಷತ್ತು 3 ತಿಂಗಳವರೆಗೆ ಇಟ್ಟುಕೊಳ್ಳಬಹುದು. ವಿಧಾನಸಭೆ ಎರಡನೇ ಸಲ ಒಪ್ಪಿ ಕಳಿಸಿದರೆ ಮತ್ತೆ 1 ತಿಂಗಳು. ಆಮೇಲೂ ಒಪ್ಪದಿದ್ದರೆ, ಒಪ್ಪಿದಂತೆಯೇ ಲೆಕ್ಕ. ಅಂದರೆ ಪರಿಷತ್ತು ಮಸೂದೆಯನ್ನು ನಿಧಾನ ಮಾಡಬಹುದು, ತಿದ್ದುಪಡಿ ಸೂಚಿಸಬಹುದು, ಪೂರ್ತಿ ತಡೆಯಲಾರದು. ಆಗಿನ ಸರ್ಕಾರ ಅಷ್ಟು ದಿನ ಕಾಯದೆ, ಸದನ ಇಲ್ಲದ ಸಮಯ ನೋಡಿ 2021ರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಫೆಬ್ರುವರಿ 8ರಂದು ಪರಿಷತ್ತು ಧ್ವನಿಮತದಿಂದ ಮಸೂದೆಯನ್ನು ಒಪ್ಪಿತು. ಧ್ವನಿಮತ ಎಂದರೆ ಕೈ ಎಣಿಸುವುದಿಲ್ಲ. ‘ಹೌದು’, ‘ಇಲ್ಲ’ ಎಂಬ ಕೂಗು ಕೇಳಿ ಸಭಾಪತಿ ಸ್ಥಾನದಲ್ಲಿರುವವರು ತೀರ್ಮಾನ ಹೇಳುತ್ತಾರೆ. ಆಮೇಲೆ ರಾಜ್ಯಪಾಲರ ಅಂಕಿತ, ರಾಜ್ಯಪತ್ರದಲ್ಲಿ ಪ್ರಕಟಣೆ. ಹೆಸರಿನಲ್ಲಿ 2020 ಇದ್ದರೂ ಅದು ಕಾಯ್ದೆಯಾದದ್ದು 2021ರಲ್ಲಿ.

ರಾಜ್ಯಪಾಲರ ಮೆಟ್ಟಿಲು ಬರೀ ಸಹಿಯ ಜಾಗ ಎಂದುಕೊಳ್ಳಬೇಡಿ. ಇದೇ ವಿಷಯದ ಇನ್ನೊಂದು ಮಸೂದೆ 2010ರಲ್ಲಿ ಎರಡೂ ಸದನದಲ್ಲಿ ಅಂಗೀಕಾರವಾಗಿತ್ತು. ಆಗಿನ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಅದು ಕಾಯ್ದೆ ಆಗಲೇ ಇಲ್ಲ. ಸರ್ಕಾರ ಬದಲಾದ ಮೇಲೆ ಹಿಂದಕ್ಕೆ ಪಡೆಯಲಾಯಿತು. ಹಾಗಾಗಿ ‘ಮಸೂದೆ ಪಾಸಾಯಿತಂತೆ’ ಎಂದು ಯಾರಾದರೂ ಹೇಳಿದರೆ ‘ರಾಜ್ಯಪತ್ರದಲ್ಲಿ ಬಂದಿದೆಯಾ?’ ಎಂದು ಕೇಳಿ. ಅಲ್ಲಿಯವರೆಗೆ ದಲ್ಲಾಳಿಯ ಮಾತಿಗೆ ಹೆದರಿ ಹಸುವನ್ನು ಅರ್ಧ ಬೆಲೆಗೆ ಕೊಡಬೇಕಾಗಿಲ್ಲ.

ಒಳಗೆ ಏನಿದೆ?

ಯಾವುದೇ ಮಸೂದೆ ಕೈಗೆ ಸಿಕ್ಕರೂ ಮೊದಲು ಓದಬೇಕಾದದ್ದು ಪದಗಳ ಅರ್ಥ ಹೇಳುವ ಭಾಗ, ‘ಪರಿಭಾಷೆಗಳು’. ತೀರಾ ಒಣ ಭಾಗ, ನಿಜ. ಆದರೆ ಇಡೀ ಕಾಯ್ದೆಯ ತೂಕ ಅಲ್ಲೇ ಇರುತ್ತದೆ. ಈ ಕಾಯ್ದೆಯಲ್ಲಿ ‘ಜಾನುವಾರು’ ಎಂದರೆ ಹಸು, ಹಸುವಿನ ಕರು, ಹೋರಿ, ಎತ್ತು ಇವೆಲ್ಲಾ ಯಾವ ವಯಸ್ಸಿನವಾದರೂ ಸರಿ, ಜೊತೆಗೆ 13 ವರ್ಷದೊಳಗಿನ ಎಮ್ಮೆ ಮತ್ತು ಕೋಣ. ಇದನ್ನು ಹಳೆಯ 1964ರ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿದರೆ ಬದಲಾವಣೆ ಕಾಣುತ್ತದೆ. ಹಸುವಿನ ಹತ್ಯೆಗೆ 1964ರಿಂದಲೇ ನಿಷೇಧವಿತ್ತು. ಆದರೆ ಎತ್ತು, ಹೋರಿ, ಎಮ್ಮೆಗಳಿಗೆ 12 ವರ್ಷ ದಾಟಿದ್ದರೆ, ಅಥವಾ ಅವು ದುಡಿಮೆಗೆ, ಸಂತಾನಕ್ಕೆ, ಹಾಲಿಗೆ ಶಾಶ್ವತವಾಗಿ ಅಶಕ್ತವಾಗಿದ್ದರೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. ಹೊಸ ಕಾಯ್ದೆಯಲ್ಲಿ ಆ ಬಾಗಿಲು ತೆರೆದಿರುವುದು 13 ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ. ಉಳಿದವುಗಳಿಗೆ ಸಾಂಕ್ರಾಮಿಕ ರೋಗ, ಸಂಶೋಧನೆಯಂಥ ವಿಶೇಷ ಸಂದರ್ಭಗಳಷ್ಟೇ.

ನಮ್ಮ ಕೊಟ್ಟಿಗೆಗೆ ಇದನ್ನು ಅನ್ವಯಿಸಿ ನೋಡಿ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎಚ್.ಎಫ್. ಮಿಶ್ರತಳಿಯ ಗಂಡು ಕರುವನ್ನು ಕೇಳುವವರಿಲ್ಲ. ಅದು ಕುಡಿಯುವ ಹಾಲು, ತಿನ್ನುವ ಮೇವು ಎಲ್ಲವೂ ನಿಮ್ಮ ಲೆಕ್ಕದಲ್ಲೇ ಬೀಳುತ್ತದೆ. ಮನೆಯ ಲೆಕ್ಕ ಯಾರು ಬರೆದರೂ ಆ ಕರುವಿಗೆ ಹುಲ್ಲು ಹೊಂದಿಸುವವರು ನೀವೇ ತಾನೇ! ಈ ತೊಂದರೆಯನ್ನು ಹುಟ್ಟುವ ಮೊದಲೇ ತಪ್ಪಿಸುವ ಒಂದು ದಾರಿ ಲಿಂಗ ವಿಂಗಡಿತ ವೀರ್ಯದ ಕೃತಕ ಗರ್ಭಧಾರಣೆ. ಅದರಲ್ಲಿ 100ಕ್ಕೆ ಸುಮಾರು 90 ಹೆಣ್ಣು ಕರುಗಳೇ ಹುಟ್ಟುತ್ತವೆ. ನಿಮ್ಮ ಸಂಘದ ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ಕೇಳಿ ನೋಡಿ.

ಎರಡನೆಯದು ಮಾರಾಟದ ಮಾತು. ಜಾನುವಾರು ಹತ್ಯೆಗೆ ಹೋಗುತ್ತದೆ ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಮಾರಿದರೆ ಅದು ಅಪರಾಧ. ಕೊಂಡವನಷ್ಟೇ ಅಲ್ಲ, ಕೊಟ್ಟವರೂ ಸಿಕ್ಕಿಬೀಳುತ್ತಾರೆ. ‘ನಂಬಲು ಕಾರಣವಿದ್ದೂ’ ಎಂಬ ಆ ಎರಡು ಪದ ಬಹಳ ಅಗಲವಾದವು. ಹತ್ಯೆಯ ಅಪರಾಧಕ್ಕೆ 3ರಿಂದ 7 ವರ್ಷ ಸೆರೆವಾಸ, ಒಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಮಾರಾಟ, ಸಾಗಣೆಯ ಉಲ್ಲಂಘನೆಗೂ ಸೆರೆವಾಸ ಮತ್ತು ದಂಡ ಎರಡೂ ಇವೆ. 1964ರ ಕಾಯ್ದೆಯಲ್ಲಿ ಇದ್ದದ್ದು ಹೆಚ್ಚೆಂದರೆ 6 ತಿಂಗಳು, 1,000 ರೂಪಾಯಿ.

ಹಾಗೆಂದು ಹಸು ಮಾರುವುದೇ ಅಪರಾಧವಲ್ಲ. ಹೈನುಗಾರಿಕೆಗೆ, ಬೇಸಾಯಕ್ಕೆ ಕೊಡುವುದು, ಕೊಳ್ಳುವುದು, ಅದಕ್ಕಾಗಿ ಸಾಗಿಸುವುದು ಕಾನೂನುಬದ್ಧ. ಆದರೆ ಅದನ್ನು ತೋರಿಸುವ ಕಾಗದ ಇರಬೇಕು. ಹಸು ಕೊಡುವಾಗ ಕೊಳ್ಳುವವರ ಹೆಸರು, ಊರು, ಬೆಲೆ, ಯಾವ ಉದ್ದೇಶಕ್ಕೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿ. ಕಿವಿಯೋಲೆಯ 12 ಅಂಕಿ ಸಂಖ್ಯೆಯನ್ನೂ ಅದರಲ್ಲಿ ಬರೆಯಿರಿ. ವಾಹನದಲ್ಲಿ ಸಾಗಿಸುವ ಮೊದಲು ಪಶು ಆಸ್ಪತ್ರೆಗೆ ಹೋಗಿ ಯಾವ ಪ್ರಮಾಣಪತ್ರ ಬೇಕೆಂದು ಕೇಳಿ ಪಡೆಯಿರಿ. ಇದು ಕಾಯ್ದೆಯಲ್ಲಿ ಪೂರ್ತಿ ಬರೆದಿರುವುದಿಲ್ಲ, ನಿಯಮಗಳಲ್ಲಿ ಇರುತ್ತದೆ. ‘ನಿಯಮಿಸಬಹುದಾದಂಥ’ ಎಂಬ ಪದ ಮಸೂದೆಯಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲಾ ವಿವರವನ್ನು ಇಲಾಖೆ ಆಮೇಲೆ ಬರೆಯುತ್ತದೆ ಎಂದರ್ಥ.

ತಿದ್ದುಪಡಿ ಮಸೂದೆಯ ಒಗಟು

ಇನ್ನು ನಮ್ಮ ಸಂಘದ ವಿಷಯ. ನಮ್ಮೆಲ್ಲಾ ಹಾಲು ಸಂಘಗಳು ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಮೇಲೆ. ಅದಕ್ಕೆ ಮತ್ತೆ ಮತ್ತೆ ತಿದ್ದುಪಡಿ ಮಸೂದೆಗಳು ಬರುತ್ತಲೇ ಇರುತ್ತವೆ. ಅಂಥದ್ದನ್ನು ಓದಿದರೆ ತಲೆಬುಡ ತಿಳಿಯುವುದಿಲ್ಲ. ‘ಈ ಪ್ರಕರಣದ ಈ ಉಪಪ್ರಕರಣದಲ್ಲಿ ಈ ಪದಗಳ ಬದಲಿಗೆ ಈ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎಂಬ ಧಾಟಿಯಲ್ಲೇ ಪುಟಗಳು ಸಾಗುತ್ತವೆ. ಪ್ರತಿಯೋಜಿಸು ಎಂದರೆ ಹಳೆಯದನ್ನು ತೆಗೆದು ಹೊಸದನ್ನು ಇಡು ಎಂದು, ಅಷ್ಟೇ. ಮೂಲ ಕಾಯ್ದೆ ಪಕ್ಕದಲ್ಲಿಲ್ಲದೆ ಇದು ವಕೀಲರಿಗೂ ಕಷ್ಟ. ಅದಕ್ಕೇ ಕೊನೆಯಿಂದ ಓದಿ. ಅಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಎಂಬ ಪುಟ ಇರುತ್ತದೆ. ಸರ್ಕಾರ ಇದನ್ನು ಏಕೆ ತರುತ್ತಿದೆ ಎಂದು ಅಲ್ಲಿ ಬರೆದಿರುತ್ತಾರೆ. ಅದರ ನಂತರದ ಅನುಬಂಧದಲ್ಲಿ ಮೂಲ ಕಾಯ್ದೆಯ ಹಳೆಯ ಸಾಲುಗಳು ಸಿಗುತ್ತವೆ. ಎರಡನ್ನೂ ಹೋಲಿಸಿದರೆ ಒಗಟು ಬಿಡುತ್ತದೆ.

ಹೀಗೆ ಬಂದ ತಿದ್ದುಪಡಿಗಳು ಸಣ್ಣವಲ್ಲ. 2011ರಲ್ಲಿ ಸಂಸತ್ತು ಸಂವಿಧಾನಕ್ಕೆ 97ನೇ ತಿದ್ದುಪಡಿ ತಂದಿತು. ಆಡಳಿತ ಮಂಡಳಿಯಲ್ಲಿ 2 ಸ್ಥಾನ ಮಹಿಳೆಯರಿಗೆ, ಮಂಡಳಿಯ ಅವಧಿ 5 ವರ್ಷ, ಸದಸ್ಯರು ಸಭೆಗೆ ಬರಬೇಕು ಮತ್ತು ಸಂಘದಲ್ಲಿ ಕನಿಷ್ಠ ವ್ಯವಹಾರ ಮಾಡಬೇಕು ಎಂದು ರಾಜ್ಯಗಳು ಕಾನೂನು ಮಾಡಬಹುದು ಎಂಬ ಮಾತುಗಳು ಅದರಲ್ಲಿದ್ದವು. ಅದರ ಬೆನ್ನಿಗೇ ನಮ್ಮ ರಾಜ್ಯದ ಕಾಯ್ದೆಗೂ ತಿದ್ದುಪಡಿಯಾಯಿತು. ಮುಂದೆ 2021ರ ಜುಲೈ 20ರಂದು ಸುಪ್ರೀಂ ಕೋರ್ಟ್, ರಾಜ್ಯದ ಸಹಕಾರ ಸಂಘಗಳ ಮಟ್ಟಿಗೆ ಆ ಸಂವಿಧಾನ ತಿದ್ದುಪಡಿ ಅನ್ವಯಿಸುವುದಿಲ್ಲ, ರಾಜ್ಯಗಳ ಅನುಮೋದನೆ ಪಡೆದಿಲ್ಲ ಎಂದು ತೀರ್ಪು ಕೊಟ್ಟಿತು. ಅಂದರೆ ಸಂಘದ ಓಟು, ಮಂಡಳಿ, ಮೀಸಲಾತಿ ಇವೆಲ್ಲಾ ಪೂರ್ತಿಯಾಗಿ ನಮ್ಮ ವಿಧಾನಮಂಡಲದ ಕೈಯಲ್ಲಿವೆ. ಒಂದು ಮಸೂದೆಯಿಂದ ಬಂದದ್ದು ಇನ್ನೊಂದು ಮಸೂದೆಯಿಂದ ಹೋಗಬಹುದು.

ಮಹಾಸಭೆಯ ಹಾಜರಿ ಪುಸ್ತಕದ ಸಹಿ ಓಟಿನ ಹಕ್ಕಿಗೆ ಸಂಬಂಧಪಟ್ಟ ವಿಷಯ ಆದದ್ದು ಹೀಗೆ. ಇಲ್ಲಿ ಹೆಂಗಸರಿಗೆ ಒಂದು ದೊಡ್ಡ ತೊಡಕು ಇದೆ. ಹಾಲು ಕರೆದು, ಹಾಕಿ ಬರುವವರು ನೀವು. ಷೇರು ಇರುವುದು ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ. ಕಾನೂನಿನ ಕಣ್ಣಿಗೆ ಸದಸ್ಯರು ಅವರು. ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದರೆ ಮಾತ್ರ ಆ 2 ಸ್ಥಾನಕ್ಕೆ ನಿಲ್ಲಲು, ಓಟು ಹಾಕಲು ಆಗುವುದು. ಸಂಘದ ಕಾರ್ಯದರ್ಶಿಯ ಹತ್ತಿರ ಸದಸ್ಯರ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಈ ವಾರವೇ ನೋಡಿ.

5 ರೂಪಾಯಿಯ ಕಥೆ

ಪ್ರೋತ್ಸಾಹಧನ ಮಾತ್ರ ಬೇರೆ ಜಾತಿ. ಅದು ಯಾವ ಕಾಯ್ದೆಯಲ್ಲೂ ಬರೆದ ಹಕ್ಕಲ್ಲ. ಸರ್ಕಾರ ಪ್ರತಿ ವರ್ಷ ಬಜೆಟ್ಟಿನಲ್ಲಿ ಹಣ ತೆಗೆದಿಟ್ಟು ಕೊಡುವುದು. ಬಜೆಟ್ಟಿನ ಹಣವನ್ನು ಖಜಾನೆಯಿಂದ ತೆಗೆಯಲು ಧನವಿನಿಯೋಗ ಮಸೂದೆ ಅಂಗೀಕಾರವಾಗಬೇಕು. ಇದು ಹಣಕಾಸಿನ ಮಸೂದೆಯಾದ್ದರಿಂದ ಪರಿಷತ್ತಿಗೆ ಸಿಗುವುದು 14 ದಿನ ಮಾತ್ರ, ಕೊನೆಯ ಮಾತು ವಿಧಾನಸಭೆಯದೇ. ಒಕ್ಕೂಟ ಕೊಡುವ ಹಾಲಿನ ದರಕ್ಕೂ ಈ 5 ರೂಪಾಯಿಗೂ ದಾರಿ ಬೇರೆ ಬೇರೆ. ಹಾಲಿನ ಬಟವಾಡೆ ಬಂದು ಪ್ರೋತ್ಸಾಹಧನ ಬಾಕಿ ಉಳಿದಿದ್ದರೆ ಡೇರಿ ಕಾರ್ಯದರ್ಶಿಯ ಮೇಲೆ ರೇಗಿ ಪ್ರಯೋಜನವಿಲ್ಲ. ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದಾರೆ, ಎಷ್ಟು ಬಿಡುಗಡೆ ಮಾಡಿದ್ದಾರೆ ಎಂದು ಕೇಳಬೇಕಾದದ್ದು ನಿಮ್ಮ ಶಾಸಕರನ್ನು. ಬಜೆಟ್ ಮಂಡನೆಯಾಗುವುದು ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಅದಕ್ಕೆ ಮೊದಲು ಕೇಳಿದರೆ ಕೆಲಸಕ್ಕೆ ಬರುತ್ತದೆ, ಆಮೇಲೆ ಕೇಳಿದರೆ ಮುಂದಿನ ವರ್ಷ ಎನ್ನುತ್ತಾರೆ.

ಶಾಸಕರಷ್ಟೇ ಅಲ್ಲ, ಪರಿಷತ್ತಿನ 75ರಲ್ಲಿ 25 ಜನರನ್ನು ಆರಿಸುವುದು ಸ್ಥಳೀಯ ಸಂಸ್ಥೆಗಳ ಸದಸ್ಯರು. ಗ್ರಾಮ ಪಂಚಾಯಿತಿ ಸದಸ್ಯೆಯರಿಗೆ ಅಲ್ಲಿ ಓಟಿದೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದು, ಅವರಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ನಿಮ್ಮ ಜೊತೆಯಲ್ಲೇ ಡೇರಿಯ ಸಾಲಿನಲ್ಲಿ ನಿಲ್ಲುವವರು. ಇನ್ನು ಕೆಲವು ಮಸೂದೆಗಳನ್ನು ಸದನ ‘ಜಂಟಿ ಪರಿಶೀಲನಾ ಸಮಿತಿ’ಗೋ ‘ಆಯ್ಕೆ ಸಮಿತಿ’ಗೋ ಒಪ್ಪಿಸುವುದುಂಟು. ಆಗ ಸಮಿತಿಯವರು ಸಂಬಂಧಪಟ್ಟವರ ಅಭಿಪ್ರಾಯ ಕೇಳಬಹುದು. ಬರೆಯಲು ಅದೇ ಒಳ್ಳೆಯ ಸಮಯ. ಇಡೀ ಮಸೂದೆಯ ಮೇಲೆ ಬರೆಯುವುದು ಬೇಡ. ಯಾವ ಖಂಡ, ಅದರಿಂದ ನಿಮ್ಮ ಎರಡು ಹಸುವಿನ ಕೊಟ್ಟಿಗೆಗೆ ತಿಂಗಳಿಗೆ ಎಷ್ಟು ಖರ್ಚು ಏರುತ್ತದೆ ಅಥವಾ ಇಳಿಯುತ್ತದೆ, ಬದಲಿಗೆ ಏನು ಬರೆಯಬೇಕು ಎಂಬ ಮೂರೇ ಮಾತು ಸಾಕು. ಸಂಘದ ಸಭೆಯಲ್ಲಿ ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಶಾಸಕರಿಗೂ ಒಕ್ಕೂಟಕ್ಕೂ ಕಳಿಸಿ, ತಲುಪಿದ್ದಕ್ಕೆ ಸ್ವೀಕೃತಿ ಸಹಿ ಪಡೆದಿಟ್ಟುಕೊಳ್ಳಿ.