ಎಲ್ಲರೂ ಕಂಪ್ಯೂಟರ್ ಅಂದರು... ಒಳಗಿದ್ದವನು ಮನುಷ್ಯ!

ಬಾಚಿ ಅಂಟಿಸಿಟ್ಟಂಥ ಹೊಂಬಣ್ಣದ ಕೂದಲು. ಗೊಂಬೆಯ ಹಾಗೆ ಮಿರಿಮಿರಿ ಮಿಂಚುವ ಕೆನ್ನೆ. ತಗಡಿಗೆ ಬಣ್ಣ ಹೊಡೆದಂತೆ ಕಾಣುವ ಕೋಟು. ಬೆನ್ನ ಹಿಂದೆ ಗಿರಗಿರನೆ ತಿರುಗುವ ಬಣ್ಣದ ಗೆರೆಗಳು. ಬಾಯಿ ತೆರೆದರೆ ಸಾಕು, ಮಾತು ಮ-ಮ-ಮ-ಮ ಎಂದು ಸಿಕ್ಕಿಕೊಂಡು, ಕತ್ತು ಸರಕ್ಕನೆ ಎಡಕ್ಕೆ ಜಿಗಿದು, ದನಿ ಒಮ್ಮೆ ಪಾತಾಳಕ್ಕಿಳಿದು ಒಮ್ಮೆ ಕೀರಲಾಗಿ ಮತ್ತೆ ಸರಿಯಾಗುತ್ತದೆ!

ಯಾರೀ ವಿಚಿತ್ರ ಮಹಾಶಯ?

ಹೆಸರು ಮ್ಯಾಕ್ಸ್ ಹೆಡ್‌ರೂಮ್. 1985ರಲ್ಲಿ ಇಂಗ್ಲೆಂಡಿನ ಕಿರುತೆರೆಯಲ್ಲಿ ಹುಟ್ಟಿ, ಅಮೆರಿಕಾಗೆ ಹಾರಿ, ಒಂದೆರಡು ವರ್ಷ ಎರಡೂ ದೇಶಗಳನ್ನು ಕುಣಿಸಿದ ಟೀವಿ ನಿರೂಪಕ. ಹಾಡಿನ ವಿಡಿಯೋಗಳ ನಡುವೆ ತಲೆ ತೂರಿಸಿ ಹರಟುತ್ತಿದ್ದ, ದೊಡ್ಡ ದೊಡ್ಡ ತಾರೆಗಳನ್ನು ಕೂರಿಸಿಕೊಂಡು ಅಧಿಕಪ್ರಸಂಗದ ಪ್ರಶ್ನೆ ಕೇಳುತ್ತಿದ್ದ. ಜಗತ್ತಿನ ಮೊಟ್ಟಮೊದಲ ಕಂಪ್ಯೂಟರ್ ನಿರೂಪಕ ಅಂತ ಈತನಿಗೆ ಡಂಗುರ!

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಗೆಳೆಯನೊಬ್ಬ ಮೊಬೈಲಿನಲ್ಲಿ ಈತನನ್ನು ತೋರಿಸಿದ. "ನೋಡೋ, 1985ರಲ್ಲೇ ಕಂಪ್ಯೂಟರಿನಲ್ಲಿ ಎಂಥಾ ಮನುಷ್ಯನ್ನ ಮಾಡಿದ್ರು!" ಅಂದ.

"ಒಂದು ಕಾಫಿ ಪಂದ್ಯ. ಅದು ಕಂಪ್ಯೂಟರ್ ಅಲ್ಲ ಕಣೋ" ಅಂದೆ.

ಕಾಫಿ ನನಗೆ ಸಿಕ್ಕಿತು. ಕಥೆ ನಿಮಗೆ.

ಬೋರ್ಡಿಗೆ ಬಡಿದು ಹುಟ್ಟಿದ ಹೆಸರು

ಅಮೆರಿಕಾದಲ್ಲಿ 1981ರ ಆಗಸ್ಟ್ 1ರಂದು ಎಂಟೀವಿ ಶುರುವಾದ ಮೇಲೆ ಹಾಡಿನ ವಿಡಿಯೋಗಳ ಹುಚ್ಚು ಎಲ್ಲೆಡೆ ಹರಡಿತು. ಇಂಗ್ಲೆಂಡಿನಲ್ಲಿ 1982ರ ನವೆಂಬರಿನಲ್ಲಿ ಹುಟ್ಟಿದ್ದ ಚಾನೆಲ್ 4ಕ್ಕೂ ಅಂಥದ್ದೊಂದು ಕಾರ್ಯಕ್ರಮ ಬೇಕಿತ್ತು. ಆದರೆ ಹಾಡು ಹಾಡಿನ ನಡುವೆ ಬಂದು ಮಾತಾಡುವವರು ಯಾರು? ಜಾರ್ಜ್ ಸ್ಟೋನ್, ರಾಕಿ ಮಾರ್ಟನ್, ಅನಬೆಲ್ ಜಾಂಕಲ್ ಎಂಬ ಮೂವರು ತಲೆ ಓಡಿಸಿದರು. ಚೆಂದದ ಹುಡುಗಿ ಬೇಡ, ಚೂಟಿ ಹುಡುಗನೂ ಬೇಡ. ಕೋಟು-ಟೈ ಹಾಕಿಕೊಂಡು ತನಗೆಲ್ಲ ಗೊತ್ತು ಅಂತ ಹಲ್ಲು ಕಿರಿಯುವ ಟೀವಿ ಮಹಾಪುರುಷರಿರುತ್ತಾರಲ್ಲ, ಅವರನ್ನೇ ಗೇಲಿ ಮಾಡೋಣ. ಆ ಮಹಾಪುರುಷ ಬರೀ ಒಂದು ತಲೆ, ಅದೂ ಕಂಪ್ಯೂಟರ್ ತಲೆಯಾಗಿದ್ದರೆ?

ತಲೆಯೊಂದು ಸಿಕ್ಕಿತು. ಅದಕ್ಕೊಂದು ಜನ್ಮವೃತ್ತಾಂತ ಬೇಡವೇ? ಅದಕ್ಕಾಗಿ ಒಂದು ಟೀವಿ ಚಿತ್ರವನ್ನೇ ತೆಗೆದರು. 1985ರ ಏಪ್ರಿಲ್ 4ರಂದು ಪ್ರಸಾರವಾದ ಆ ಚಿತ್ರದ ಹೆಸರಿನ ಅರ್ಥ, 'ಇಪ್ಪತ್ತು ನಿಮಿಷ ಮುಂದಿನ ಭವಿಷ್ಯ'.

ಕಥೆ ಕೇಳಿ. ಟೀವಿ ಕಂಪನಿಗಳೇ ಆಳುವ ಒಂದು ಕಾಲ. ಎಡಿಸನ್ ಕಾರ್ಟರ್ ಒಬ್ಬ ನಿರ್ಭೀತ ಟೀವಿ ವರದಿಗಾರ. ಜನ ಚಾನೆಲ್ ತಿರುಗಿಸುವುದರೊಳಗೆ ಜಾಹೀರಾತು ತೋರಿಸಿಬಿಡಬೇಕೆಂದು ಅವನ ಕಂಪನಿಯೇ ಅರ್ಧ ನಿಮಿಷದ ಜಾಹೀರಾತುಗಳನ್ನು ಮೂರು ಸೆಕೆಂಡಿಗೆ ಹಿಂಡಿ ಬಿಡುತ್ತಿದೆ. ನೋಡುತ್ತ ನೋಡುತ್ತ ಕೆಲವರು ಕೂತಲ್ಲೇ ಢಂ ಎಂದು ಸಿಡಿದು ಸಾಯುತ್ತಿದ್ದಾರೆ! ಗುಟ್ಟು ತಿಳಿದ ಕಾರ್ಟರ್ ಬೈಕ್ ಹತ್ತಿ ಪರಾರಿಯಾಗುವಾಗ ಕಾರ್ ಪಾರ್ಕಿಂಗಿನ ಅಡ್ಡಗಂಬಿಗೆ ಬಡಿಯುತ್ತಾನೆ. ಪ್ರಜ್ಞೆ ತಪ್ಪುವ ಮುನ್ನ ಕಣ್ಣಿಗೆ ಬಿದ್ದದ್ದು ಆ ಗಂಬಿಯ ಮೇಲಿನ ಬರಹ: 'ಮ್ಯಾಕ್ಸ್. ಹೆಡ್‌ರೂಮ್ 2.3 ಮೀಟರ್.' ಅಂದರೆ, ಇದಕ್ಕಿಂತ ಎತ್ತರದ ಗಾಡಿ ಒಳಗೆ ಹೋಗದು ಎಂಬ ಎಚ್ಚರಿಕೆ. ನಮ್ಮ ರೈಲ್ವೆ ಅಂಡರ್‌ಪಾಸಿನ ಮುಂದೆ ಇರುತ್ತದಲ್ಲ, ಅಂಥದ್ದೇ ಬೋರ್ಡು.

ಕಂಪನಿಯ ಚಾಣಾಕ್ಷ ಹುಡುಗನೊಬ್ಬ ಕಾರ್ಟರನ ಮನಸ್ಸನ್ನು ಕಂಪ್ಯೂಟರಿಗೆ ಇಳಿಸುತ್ತಾನೆ. ಪರದೆಯ ಮೇಲೆ ಮೂಡಿದ ತಲೆ ತೊದಲುತ್ತ ಉಸುರಿದ್ದು, ಕೊನೆಗೆ ಕಂಡ ಆ ಎರಡು ಪದಗಳನ್ನು. ನಾಮಕರಣ ಮುಗಿಯಿತು!

ಎರಡು ದಿನ ಬಿಟ್ಟು, ಏಪ್ರಿಲ್ 6ರಿಂದ, ಮ್ಯಾಕ್ಸ್‌ನ ಸ್ವಂತ ಕಾರ್ಯಕ್ರಮ ಶುರು.

ಡಬಲ್ ಆಕ್ಟಿಂಗ್!

ಈಗ ಅಸಲಿ ವಿಷಯಕ್ಕೆ ಬರೋಣ. 1985ರಲ್ಲಿ ಕಂಪ್ಯೂಟರ್ ಯಾವ ಸ್ಥಿತಿಯಲ್ಲಿತ್ತು? ಅದೇ ವರ್ಷ ಬಂದ 'ಯಂಗ್ ಷರ್ಲಾಕ್ ಹೋಮ್ಸ್' ಚಿತ್ರದಲ್ಲಿ ಕಿಟಕಿಯ ಬಣ್ಣದ ಗಾಜಿನಿಂದ ಇಳಿದು ಬರುವ ಒಬ್ಬ ಯೋಧನನ್ನು ಕಂಪ್ಯೂಟರಿನಲ್ಲಿ ಮಾಡಿದರು. ತೆರೆಯ ಮೇಲೆ ಅರ್ಧ ನಿಮಿಷದ ಆಸುಪಾಸು. ಅಷ್ಟಕ್ಕೇ ತಿಂಗಳುಗಟ್ಟಲೆ ದುಡಿಮೆ. ಡೈರ್ ಸ್ಟ್ರೈಟ್ಸ್ ತಂಡದ 'ಮನಿ ಫಾರ್ ನಥಿಂಗ್' ವಿಡಿಯೋದ ಕಂಪ್ಯೂಟರ್ ಮನುಷ್ಯರಂತೂ ಪೆಟ್ಟಿಗೆ ಜೋಡಿಸಿಟ್ಟ ಹಾಗೆ. ಅಂಥಾ ಕಾಲದಲ್ಲಿ ಪ್ರತಿವಾರ ಬಂದು ಹರಟುವ ಮುಖವನ್ನು ಯಂತ್ರದಿಂದ ಮಾಡುವುದೇ? ಕನಸಿನ ಮಾತು.

ಹಾಗಾದರೆ ಏನು ಮಾಡಿದರು? ಕಂಪ್ಯೂಟರಿಗೆ ಮನುಷ್ಯನ ವೇಷ ಹಾಕಲು ಆಗದು ಅಂತ, ಮನುಷ್ಯನಿಗೇ ಕಂಪ್ಯೂಟರಿನ ವೇಷ ಹಾಕಿಬಿಟ್ಟರು!

ಆ ಮನುಷ್ಯನ ಹೆಸರು ಮ್ಯಾಟ್ ಫ್ರೂವರ್. ಅಮೆರಿಕಾದ ವಾಷಿಂಗ್ಟನ್ನಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಇಂಗ್ಲೆಂಡಿನ ಬ್ರಿಸ್ಟಲ್ಲಿನ ನಾಟಕಶಾಲೆಯಲ್ಲಿ ಪಳಗಿದವನು. ಆಗ ವಯಸ್ಸು 27. ವರದಿಗಾರ ಕಾರ್ಟರನೂ ಇವನೇ, ಕಂಪ್ಯೂಟರ್ ತಲೆಯೂ ಇವನೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡಬಲ್ ಆಕ್ಟಿಂಗ್!

ಷೂಟಿಂಗ್ ದಿನ ಮೇಕಪ್ ಕುರ್ಚಿಯಲ್ಲಿ ಕೂತರೆ ಸುಮಾರು ನಾಲ್ಕು ಗಂಟೆ ಏಳುವ ಹಾಗಿಲ್ಲ. ಜಾನ್ ಹಂಫ್ರೀಸ್, ಪೀಟರ್ ಲಿಟನ್ ಎಂಬ ಮೇಕಪ್ ಪರಿಣತರು ರಬ್ಬರ್ ಚೂರುಗಳನ್ನು ಹಣೆ, ಕೆನ್ನೆ, ಗದ್ದಕ್ಕೆ ಅಂಟಿಸುತ್ತಿದ್ದರು. ಮೇಲೆ ಎರಕ ಹೊಯ್ದಂಥ ಕೂದಲು, ಫೈಬರ್ ಗ್ಲಾಸಿನ ಕೋಟು. ಅದರ ಮೇಲೆ ಕಣ್ಣು ಕುಕ್ಕುವ ಲೈಟು. ಒಳಗೆ ಬೆವರು ಸುರಿಯದೆ ಇರುತ್ತದೆಯೇ?

ಬೆನ್ನ ಹಿಂದಿನ ಗೆರೆಗಳು? ಮೊದಮೊದಲು ಅವೂ ಕಂಪ್ಯೂಟರಿನದಲ್ಲ. ಕಾರ್ಟೂನ್ ಚಿತ್ರದಂತೆ ಕೈಯಲ್ಲಿ ಬರೆದವು. ಅಮೆರಿಕಾದ ಸರಣಿಯ ಹೊತ್ತಿಗೆ ಆ ಗೆರೆಗಳನ್ನು ಅಮೀಗಾ ಎಂಬ ಕಂಪ್ಯೂಟರಿನಲ್ಲಿ ತಿರುಗಿಸಿದರು. ಇನ್ನು ಆ ತೊದಲು, ಆ ಕತ್ತಿನ ಜಿಗಿತ? ಎಡಿಟಿಂಗ್ ಟೇಬಲ್ಲಿನ ಕರಾಮತ್ತು. ದನಿಯ ಏರಿಳಿತಕ್ಕೂ ಯಂತ್ರದ ನೆರವು ಪಡೆದರು. ಆದರೆ ಆ ಕಣ್ಣು ಕೊಂಕಿಸುವುದು, ಜೋಕು ಹೊಡೆದು ತಾನೇ ನಗುವುದು, ಅತಿಥಿ ತಡಬಡಾಯಿಸಿದಾಗ ಹುಬ್ಬೇರಿಸುವುದು? ಅದಕ್ಕೆ ಯಾವ ಯಂತ್ರವೂ ಇರಲಿಲ್ಲ. ಅದು ಫ್ರೂವರನ ಸ್ವಂತ ಆಸ್ತಿ.

ಆದರೂ ಪ್ರಚಾರವೆಲ್ಲ ನಡೆದದ್ದು 'ಕಂಪ್ಯೂಟರ್ ಸೃಷ್ಟಿ' ಎಂದೇ. ಜನ ನಂಬಿದರು. ಆಹಾ, ಎಂಥಾ ಯಂತ್ರ ಅಂದರು. ಆಹಾ, ಎಂಥಾ ನಟ ಅನ್ನಲಿಲ್ಲ!

ಗೇಲಿ ಮಾಡಿದವನೇ ಮಾರಾಟಕ್ಕೆ ನಿಂತ

ಆಮೇಲೆ ಮ್ಯಾಕ್ಸ್ ಮುಟ್ಟಿದ್ದೆಲ್ಲ ಚಿನ್ನ. ಸ್ಟಿಂಗ್‌ನಂಥ ಗಾಯಕರು ಬಂದು ಎದುರು ಕೂತರು. 1986ರಲ್ಲಿ 'ಆರ್ಟ್ ಆಫ್ ನಾಯ್ಸ್' ತಂಡದ ಹಾಡಿಗೆ ದನಿ ಕೊಟ್ಟ. ಅಮೆರಿಕಾದ ಮಾತುಗಾರ ಡೇವಿಡ್ ಲೆಟರ್‌ಮನ್ ಕಾರ್ಯಕ್ರಮಕ್ಕೂ ಅತಿಥಿ. ಅಲ್ಲಿಯೂ ಟೀವಿ ಪೆಟ್ಟಿಗೆಯೊಳಗಿಂದಲೇ ದರ್ಶನ!

ಅಷ್ಟು ಹೊತ್ತಿಗೆ ಕೋಕಾ ಕೋಲಾ ಕಂಪನಿಗೆ ತಲೆಬಿಸಿ. 1985ರ ಏಪ್ರಿಲಿನಲ್ಲಿ ಹಳೇ ರುಚಿ ಬದಲಿಸಿ 'ನ್ಯೂ ಕೋಕ್' ತಂದಿದ್ದರು. ಜನ ಸಿಡಿದೆದ್ದು ಮೂರು ತಿಂಗಳೊಳಗೆ ಹಳೇ ರುಚಿಯನ್ನು ವಾಪಸ್ ತರಿಸಿದ್ದರು. ಹೊಸದು ಮಾರಾಟವಾಗಲು ಹುಡುಗರ ಮೆಚ್ಚಿನ ಮುಖ ಬೇಕು. ಮ್ಯಾಕ್ಸ್ ಸಿಕ್ಕಿದ. 'ಅಲೆ ಹಿಡಿಯಿರಿ' ಅಂತ ತೊದಲುತ್ತ ಕೋಲಾ ಮಾರಿದ. (ಕೋಕಾ ಕೋಲಾ 1977ರಲ್ಲೇ ನಮ್ಮ ದೇಶ ಬಿಟ್ಟುಹೋಗಿ, ಮರಳಿದ್ದು 1993ರಲ್ಲಿ. ಹೀಗಾಗಿ ಆ ಗಲಾಟೆಯಿಂದ ನಾವು ಬಚಾವ್!)

ನೋಡಿ ವಿಪರ್ಯಾಸ. ಜಾಹೀರಾತು ಜನರನ್ನು ಕೊಲ್ಲುತ್ತದೆ ಅಂತ ಹೇಳಿ ಹುಟ್ಟಿದ ಪಾತ್ರ, ಹುಟ್ಟಿದ ಮರುವರ್ಷವೇ ಜಾಹೀರಾತಿಗೆ ಬಾಡಿಗೆ ಹೋಯಿತು!

1987ರ ಮಾರ್ಚ್ 31ರಂದು ಅಮೆರಿಕಾದ ಎಬಿಸಿ ಚಾನೆಲ್ಲಿನಲ್ಲಿ ಮ್ಯಾಕ್ಸ್‌ನ ಕಥಾ ಸರಣಿ ಆರಂಭವಾಯಿತು. ಟೀವಿ ಆರಿಸುವುದೇ ಅಪರಾಧ, ರೇಟಿಂಗ್ ಬಿದ್ದರೆ ಪ್ರಳಯ ಎನ್ನುವ ಲೋಕ ಅದು. ಮುಂದಿನ ತಿಂಗಳೇ 'ನ್ಯೂಸ್‌ವೀಕ್' ಪತ್ರಿಕೆಯ ಮುಖಪುಟದಲ್ಲಿ ಮ್ಯಾಕ್ಸ್. ಆದರೆ ಎಬಿಸಿ ಮಹಾರಾಯರು ಶುಕ್ರವಾರ ರಾತ್ರಿ 'ಡಲ್ಲಾಸ್', 'ಮಯಾಮಿ ವೈಸ್' ಎಂಬ ಎರಡು ಮದ್ದಾನೆಗಳ ನಡುವೆ ಈ ಸರಣಿಯನ್ನು ತಳ್ಳಿದರು. ರೇಟಿಂಗ್ ಬಿತ್ತು. ತಯಾರಾದದ್ದು ಬರೀ 14 ಕಂತು. ರೇಟಿಂಗ್ ಹುಚ್ಚನ್ನು ಗೇಲಿ ಮಾಡಿದ ಸರಣಿ ರೇಟಿಂಗ್‌ಗೇ ಬಲಿ!

ಮುಖವಾಡಕ್ಕೊಂದು ಮುಖವಾಡ

ಸರಣಿ ಮಲಗುವ ಹೊತ್ತಿಗೆ ನಡೆಯಿತು ಪತ್ತೇದಾರಿ ಸಿನಿಮಾದಂಥ ಘಟನೆ. 1987ರ ನವೆಂಬರ್ 22, ಭಾನುವಾರ. ಷಿಕಾಗೋ ನಗರ. ಡಬ್ಲ್ಯೂಜಿಎನ್ ಚಾನೆಲ್ಲಿನಲ್ಲಿ ರಾತ್ರಿ ಒಂಬತ್ತರ ವಾರ್ತೆ. ಆಟದ ಸುದ್ದಿ ಓದುತ್ತಿದ್ದಂತೆ ಪರದೆ ಕಪ್ಪಾಗಿ, ಮ್ಯಾಕ್ಸ್‌ನ ರಬ್ಬರ್ ಮುಖವಾಡ ಹಾಕಿದ ವ್ಯಕ್ತಿಯೊಬ್ಬ ಪ್ರತ್ಯಕ್ಷ! ಇಂಜಿನಿಯರುಗಳು ಅರ್ಧ ನಿಮಿಷದೊಳಗೆ ಅವನನ್ನು ಓಡಿಸಿದರು. ವಾರ್ತೆ ಓದುವವನಿಗೇ ಏನಾಯಿತೆಂದು ತಿಳಿಯಲಿಲ್ಲ.

ರಾತ್ರಿ ಹನ್ನೊಂದೂ ಕಾಲು. ಡಬ್ಲ್ಯೂಟಿಟಿಡಬ್ಲ್ಯೂ ಚಾನೆಲ್ಲಿನಲ್ಲಿ 'ಡಾಕ್ಟರ್ ಹೂ' ಧಾರಾವಾಹಿ. ಮತ್ತೆ ಅದೇ ಮುಖವಾಡ! ಈ ಸಲ ಸುಮಾರು ಒಂದೂವರೆ ನಿಮಿಷ. ಕೈಯಲ್ಲಿ ಪೆಪ್ಸಿ ಡಬ್ಬ ಹಿಡಿದು ಕೋಕ್‌ನ ಘೋಷಣೆ ಕೂಗಿದ. ಏನೇನೋ ಒದರಿದ. ಕೊನೆಗೆ ನೊಣ ಹೊಡೆಯುವ ಕೋಲಿನಿಂದ ಹಿಂಭಾಗಕ್ಕೆ ಏಟು ತಿಂದು ಮಾಯ. ಸರ್ಕಾರದವರು ತನಿಖೆ ಮಾಡಿದರು. ಇಂದಿಗೂ ಸಿಕ್ಕಿಬಿದ್ದವರಿಲ್ಲ.

ನನಗೆ ಇಲ್ಲಿ ಕಂಡ ತಮಾಷೆಯೇ ಬೇರೆ. ಆ ಕಿಡಿಗೇಡಿಯ ಬೆನ್ನ ಹಿಂದೆ ಗೆರೆಗಳು ತಿರುಗಬೇಕಲ್ಲ? ಅದಕ್ಕೊಂದು ಸುಕ್ಕುಗಟ್ಟಿದ ತಗಡನ್ನು ಆಡಿಸುತ್ತಿದ್ದರು! ಕಂಪ್ಯೂಟರನ್ನು ನಕಲು ಮಾಡಿದ ಮನುಷ್ಯನನ್ನು ನಕಲು ಮಾಡಿದ ಮನುಷ್ಯ. ಎಲ್ಲೂ ಕಂಪ್ಯೂಟರೇ ಇಲ್ಲ ಸ್ವಾಮಿ! ಬೆವರು, ರಬ್ಬರು, ತಗಡು, ಅಷ್ಟೇ.

ತಲೆ ಯಾರದು, ಮೈ ಯಾರದು?

ಫ್ರೂವರ್ ಮುಂದೆ 'ಹನಿ, ಐ ಷ್ರಂಕ್ ದಿ ಕಿಡ್ಸ್' (1989), 'ವಾಚ್‌ಮೆನ್' (2009) ಮುಂತಾದ ಚಿತ್ರಗಳಲ್ಲಿ ನಟಿಸಿದ. ಡಿಸ್ನಿಯ 'ಹರ್ಕ್ಯುಲಿಸ್' (1997) ಕಾರ್ಟೂನಿಗೆ ದನಿ ಕೊಟ್ಟ. ಕೆಲಸಕ್ಕೆ ಕೊರತೆಯಾಗಲಿಲ್ಲ. ಆದರೆ ಜನರ ನೆನಪಿನಲ್ಲಿ ನಿಂತದ್ದು ಅವನ ಮುಖವಲ್ಲ, ಆ ರಬ್ಬರಿನ ಮುಖ. ಚಾನೆಲ್ 4 ಡಿಜಿಟಲ್ ಟೀವಿಯ ಪ್ರಚಾರಕ್ಕಾಗಿ ಮ್ಯಾಕ್ಸ್‌ನನ್ನು ಮತ್ತೆ ಕರೆತಂದಾಗ, ಈ ಸಲ ಸುಕ್ಕು ಬಿದ್ದ ಮುದುಕ ಮ್ಯಾಕ್ಸ್, ಮೇಕಪ್ ಕುರ್ಚಿಯಲ್ಲಿ ಕೂತವನು ಅದೇ ಫ್ರೂವರ್.

ಈಗ ನಮ್ಮ ಊರಿಗೆ ಬನ್ನಿ. 2016ರ 'ನಾಗರಹಾವು' ನೆನಪಿದೆಯಾ? 2009ರ ಡಿಸೆಂಬರ್ 30ರಂದು ನಮ್ಮನ್ನಗಲಿದ ವಿಷ್ಣು ದಾದಾ, ಕೋಡಿ ರಾಮಕೃಷ್ಣ ನಿರ್ದೇಶನದ ಆ ಚಿತ್ರದಲ್ಲಿ ತೆರೆಯ ಮೇಲೆ ಎದ್ದು ಬಂದರು. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ, ಕೆಲವರ ಕಣ್ಣಲ್ಲಿ ನೀರು. ಅಲ್ಲಿ ತಲೆ ಮಾಡಿದ್ದು ಕಂಪ್ಯೂಟರ್. ಆದರೆ ಮೈ? ಬೇರೊಬ್ಬ ನಟನದು. ನಿಜ ಹೇಳಿ, ಆ ಮೈ ಕೊಟ್ಟವನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1985ರಲ್ಲಿ ಮನುಷ್ಯನನ್ನು ಯಂತ್ರ ಅಂತ ಮಾರಿದರು. ಇಂದು ಯಂತ್ರವನ್ನು ಮನುಷ್ಯ ಅಂತ ಮಾರುವ ಕಾಲ. ಹಾಲಿವುಡ್ ನಟರು 2023ರಲ್ಲಿ 118 ದಿನ ಮುಷ್ಕರ ಹೂಡಿದ್ದಕ್ಕೆ ಒಂದು ದೊಡ್ಡ ಕಾರಣ ಇದೇ: ನಮ್ಮ ಮುಖವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಮೊದಲು ನಮ್ಮನ್ನು ಕೇಳಿ, ಕಾಸು ಕೊಡಿ. ಇದರಲ್ಲಿ ತಪ್ಪೇನಿದೆ? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಈ ಲೆಕ್ಕ ಅರ್ಥವಾಗುತ್ತದೆ. ಬೆವರು ಯಾರದೋ ಹೆಸರೂ ಅವರದೇ ಆಗಬೇಕು.

ಆದ್ದರಿಂದ ಅಭಿಮಾನಿ ಮಿತ್ರರೇ, ಮುಂದಿನ ಸಲ ತೆರೆಯ ಮೇಲೆ ಏನಾದರೂ ಪವಾಡ ಕಂಡಾಗ ಧಾರಾಳವಾಗಿ ಶಿಳ್ಳೆ ಹೊಡೆಯಿರಿ. ಆದರೆ 'ಶುಭಂ' ಆದ ಕೂಡಲೇ ಸೈಕಲ್ ಸ್ಟ್ಯಾಂಡಿಗೆ ಓಡಬೇಡಿ. ಹೆಸರುಗಳು ಮೇಲಕ್ಕೆ ಹರಿಯುತ್ತವಲ್ಲ, ಎರಡು ನಿಮಿಷ ಕೂತು ನೋಡಿ. ನಾಲ್ಕು ಗಂಟೆ ಕುರ್ಚಿಯಲ್ಲಿ ಕದಲದೆ ಕೂತ ಯಾವನೋ ಒಬ್ಬ ಫ್ರೂವರ್ ಅಲ್ಲಿರುತ್ತಾನೆ.

ಅವನಿಗೂ ಒಂದು ಶಿಳ್ಳೆ ಇರಲಿ!