ಚದುರಂಗದ ಆರಂಭ: ಯಾವ ಗ್ರಂಥಮಾಲೆಯನ್ನು ಕೊಳ್ಳಬೇಕು?

ಕವಲಂದೆಯಿಂದ ರೈಲಿನಲ್ಲಿ ಮೈಸೂರಿಗೆ ಬಂದುಹೋಗುವ ನನ್ನ ವಿದ್ಯಾರ್ಥಿಯೊಬ್ಬನು, ಚದುರಂಗದ ಆರಂಭವನ್ನು ಕುರಿತ ಒಂದೇ ಒಂದು ಪುಸ್ತಕ ಕೊಳ್ಳುವಷ್ಟು ಹಣವನ್ನು ಕೂಡಿಟ್ಟುಕೊಂಡು, ಯಾವುದನ್ನು ಕೊಳ್ಳಲೆಂದು ಕೇಳಿದನು. ಅವನ ಅಜ್ಜನಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಹಳೆಯ ದೇಶೀಯ ಕ್ರಮದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುತ್ತದೆ. ಅಜ್ಜನ ಮಣೆಯ ಮುಂದೆ ಪೇಟೆಯ ಪುಸ್ತಕಗಳೆಲ್ಲ ಮೊದಲ ನಡೆಗೇ ಮುಗಿದುವು!

ಇಂದಿನ ಕ್ರಮದಲ್ಲಿ ಬಿಳಿಯ ಮೊದಲ ನಡೆಗೆ 20 ದಾರಿಗಳುಂಟು: ಎಂಟು ಕಾಲಾಳುಗಳಿಂದ 16, ಎರಡು ಕುದುರೆಗಳಿಂದ 4. ಕರಿಯ ಉತ್ತರವೂ ಸೇರಿದರೆ 400. ಇಬ್ಬರೂ ಎರಡೆರಡು ಸಲ ನಡೆಸಿದರೆ 1,97,281; ಮೂರು ಮೂರು ಸಲವಾದರೆ 11,90,60,324. ಇದನ್ನು ಯಾರು ಬಾಯಿಪಾಠ ಮಾಡಿಯಾರು?

ಆದರೂ ಎಲ್ಲವನ್ನೂ ವರ್ಗೀಕರಿಸುವ ಯತ್ನ ನಡೆದಿದೆ. 1974ರಿಂದ ಬೆಲ್‌ಗ್ರೇಡಿನಲ್ಲಿ ಪ್ರಕಟವಾದ ಆರಂಭಗಳ ವಿಶ್ವಕೋಶವು ಐದು ಸಂಪುಟಗಳಲ್ಲಿ 500 ವಿಭಾಗಗಳನ್ನು ಮಾಡಿತು. ಅದರಲ್ಲಿ ವಿವರಣೆಯ ಮಾತಿಲ್ಲ, ನಡೆಗಳೂ ಚಿಹ್ನೆಗಳೂ ಮಾತ್ರ. ಅದು ನಮ್ಮ ಲಾಗರಿದಮ್ ಕೋಷ್ಟಕದಂತೆ. ಬಲ್ಲವನಿಗೆ ಬೇಕು, ಕಲಿಯುವವನಿಗೆ ಕಲಿಸದು. ಕಾಲೇಜಿನ ದಿನಗಳಲ್ಲಿ ನಾನೇ ಅದರ ಒಂದು ಸಂಪುಟದಿಂದ ಹನ್ನೆರಡು ನಡೆಗಳನ್ನು ಉರುಹೊಡೆದು ಪಂದ್ಯಕ್ಕೆ ಹೋದೆ. ಎದುರಾಳಿಯು ನಾಲ್ಕನೆಯ ನಡೆಯಲ್ಲಿ ಪುಸ್ತಕದಲ್ಲಿಲ್ಲದ ಕಾಲಾಳೊಂದನ್ನು ನೂಕಿದನು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಎರಡನೆಯದು, ಪ್ರವೀಣರಿಗಾಗಿ ಬರೆದ ಮಾಲೆಗಳು. ವಿಶ್ವನಾಥನ್ ಆನಂದರ ಆಟವನ್ನು ಆಧರಿಸಿ ರಷ್ಯದ ಖಾಲಿಫ್‌ಮನ್ನರು ಬಿಳಿಯ ಒಂದೇ ಮೊದಲ ನಡೆಯನ್ನು ಕುರಿತು 14 ಸಂಪುಟಗಳನ್ನು ಬರೆದರು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರರ ಮಟ್ಟದವರಿಗೆ ಅಂಥವು ಒಪ್ಪುತ್ತವೆ. ಮೂರನೆಯದು, 'ಮೂವ್ ಬೈ ಮೂವ್' ಮಾಲೆಯಂತೆ ಪ್ರಶ್ನೋತ್ತರಗಳಿಂದ ಕಾರಣವನ್ನು ತಿಳಿಸುವುದು. ನನ್ನ ಮತ ಇದಕ್ಕೇ.

ಅಂಗಡಿಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ರೂಯ್ ಲೋಪೆಜ್ ಆರಂಭದ ಪುಟವನ್ನು ತೆರೆಯಿರಿ. ಅಲ್ಲಿ ಬಿಳಿಯ ಕುದುರೆಯು ಕರಿಯ ನಡುಗಾಲಾಳಿನ ಮೇಲೆ ಕಣ್ಣಿಟ್ಟಿರುತ್ತದೆ. ಕರಿಯ ಕುದುರೆ ಅದನ್ನು ಕಾಯುತ್ತಿರುತ್ತದೆ. ಬಿಳಿಯ ಒಂಟೆಯು ಆ ಕಾವಲುಗಾರನಿಗೇ ಗುರಿಯಿಟ್ಟಿರುತ್ತದೆ. ಕರಿಯು ಅಂಚಿನ ಕಾಲಾಳನ್ನು ನೂಕಿ ಒಂಟೆಯನ್ನು ಕೆಣಕುತ್ತದೆ. ಒಂಟೆಯು ಕುದುರೆಯನ್ನು ಹೊಡೆದರೆ ನಡುಗಾಲಾಳು ಪುಕ್ಕಟೆಯಾಗಿ ದಕ್ಕಬಾರದೇಕೆ? ಹೇಗೆಂದರೆ, ಕರಿಯ ಮಂತ್ರಿಯ ಮುಂದಿನ ಕಾಲಾಳು ಒಂಟೆಯನ್ನು ಹೊಡೆದಾಗ ಮಂತ್ರಿಗೆ ದಾರಿ ತೆರೆಯುತ್ತದೆ. ಬಿಳಿಯ ಕುದುರೆ ಕಾಲಾಳನ್ನು ತೆಗೆದೊಡನೆ ಮಂತ್ರಿಯು ಮಣೆಯ ನಡುವಿಗೆ ಬಂದು ಆ ಕುದುರೆಯ ಮೇಲೂ ಬಿಳಿಯ ನಡುಗಾಲಾಳಿನ ಮೇಲೂ ಏಕಕಾಲದಲ್ಲಿ ಬೀಳುತ್ತದೆ. ಹೋದ ಕಾಲಾಳಿಗೆ ಬದಲು ಸಿಕ್ಕಿತು. ಇಷ್ಟನ್ನು ಮಾತಿನಲ್ಲಿ ಹೇಳದ ಪುಸ್ತಕವನ್ನು ಕೆಳಗಿಡಿರಿ.

ಮುದ್ರಣದ ವರ್ಷವನ್ನೂ ನೋಡಬೇಕು. ಗಣಕಯಂತ್ರಗಳು ಹಳೆಯ ತೀರ್ಮಾನಗಳನ್ನು ಎಷ್ಟೋ ಕಡೆ ಅಳಿಸಿಹಾಕಿವೆ. ಆದರೆ ಮೇಲೆ ಹೇಳಿದಂಥ ಕಾರಣಗಳು ಹಾಗೆಯೇ ಉಳಿದಿವೆ. ಆದುದರಿಂದ ಹುಡುಗನು ಅರ್ಧ ಬೆಲೆಗೆ ಹಳೆಯ ಪ್ರತಿಯೊಂದನ್ನು ತಂದಾಗ ನಾನು ಆಕ್ಷೇಪಿಸಲಿಲ್ಲ. ಉಳಿದ ಹಣದಲ್ಲಿ ಆಟದ ಅಂತ್ಯಘಟ್ಟವನ್ನು ಕುರಿತ ಪುಸ್ತಕವನ್ನು ಹುಡುಕುತ್ತಿದ್ದಾನೆ.